ಮಾಲ್ಗುಡಿಯನ್ನು ಕಟ್ಟಿದ ಶಂಕರ್ ನಾಗ್

ಮನುಷ್ಯನ ಆಯುಷ್ಯಕ್ಕೆ ಮಿತಿಯುಂಟು, ಅವನು ಮಾಡಿಟ್ಟ ಕೆಲಸಕ್ಕೆ ಅಂಥ ಮಿತಿಯಿಲ್ಲವೆಂದು ಹಿರಿಯರು ಹೇಳುತ್ತಾರೆ. ಕಾವ್ಯ, ಶಿಲ್ಪಗಳ ವಿಷಯದಲ್ಲಿ ಈ ಮಾತನ್ನು ಸುಲಭವಾಗಿ ಒಪ್ಪಬಹುದು. ಆದರೆ ದೂರದರ್ಶನದ ಧಾರಾವಾಹಿಯೆಂಬುದು ಬೇರೊಂದು ಬಗೆಯದು. ಅದು ನೆಂಟನಂತೆ ಮನೆಗೆ ಬಂದು ಹೋಗುತ್ತಿದ್ದು, ಒಂದು ದಿನ ಹೇಳದೆ ಕೇಳದೆ ನಿಂತುಬಿಡುತ್ತದೆ. ನೋಡುತ್ತಿದ್ದವರು ಮುಂದೇನಾಯಿತೆಂದು ಒಬ್ಬರನ್ನೊಬ್ಬರು ಕೇಳುತ್ತ ಉಳಿಯುತ್ತಾರೆ. ಅಂತರಜಾಲದ ಮೂಲಕ ಚಿತ್ರಗಳನ್ನು ಮನೆಮನೆಗೆ ಮುಟ್ಟಿಸುವ ಒಟಿಟಿ ಕಂಪೆನಿಗಳು ಬಂದ ಮೇಲೆ, ಹೀಗೆ ನಿಂತುಹೋದ ಧಾರಾವಾಹಿಗಳಿಗೆ ಅವು ಮರುಜೀವ ಕೊಟ್ಟಾವು ಎಂಬ ಆಸೆ ಅಭಿಮಾನಿಗಳಲ್ಲಿ ಹುಟ್ಟಿದೆ. ಗ್ರಹ ನಕ್ಷತ್ರಗಳ ಪಯಣವನ್ನು ಹೇಳುವ ವೈಜ್ಞಾನಿಕ ಕಥೆಗಳ ಅಭಿಮಾನಿಗಳಲ್ಲಂತೂ ಈ ಆಸೆ ಬಲವಾಗಿದೆ. ಅದು ಎಷ್ಟರ ಮಟ್ಟಿಗೆ ಕೈಗೂಡುವಂಥದು? ಇದನ್ನು ತಿಳಿಯಲು ನಮ್ಮ ನಾಡಿನ ಕಲಾವಿದರೊಬ್ಬರ ಬಾಳನ್ನೂ ಅವರು ಬಿಟ್ಟುಹೋದ ಧಾರಾವಾಹಿಯೊಂದರ ಕಥೆಯನ್ನೂ ನೋಡುವುದು ಉಪಯುಕ್ತ. ಆ ಕಲಾವಿದರು ಶಂಕರ್ ನಾಗ್. ಧಾರಾವಾಹಿ ‘ಮಾಲ್ಗುಡಿ ಡೇಸ್’.

ಶಂಕರ್ ನಾಗ್ ಅವರು 1954ನೆಯ ಇಸವಿ ನವೆಂಬರ್ 9ರಂದು ಉತ್ತರ ಕನ್ನಡದ ಹೊನ್ನಾವರದಲ್ಲಿ ಜನಿಸಿದರು. ಮನೆತನದ ಹೆಸರು ನಾಗರಕಟ್ಟೆ, ಮನೆಮಾತು ಕೊಂಕಣಿ. ನಮ್ಮ ದಕ್ಷಿಣ ಕನ್ನಡವು ಆಗ ಮದ್ರಾಸು ರಾಜ್ಯಕ್ಕೆ ಸೇರಿದ್ದಂತೆ, ಉತ್ತರ ಕನ್ನಡವು ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆದುದರಿಂದ ಅಲ್ಲಿನ ತರುಣರು ಓದಿಗಾಗಲಿ ಕೆಲಸಕ್ಕಾಗಲಿ ಮುಂಬಯಿಗೆ ಹೋಗುವುದು ಸಹಜವಾಗಿತ್ತು. ಶಂಕರ್ ಅವರೂ ಮುಂಬಯಿಗೆ ಹೋದರು. ಅವರ ಅಣ್ಣ ಅನಂತ್ ನಾಗ್ ಅವರೂ ಅಲ್ಲಿಯೇ ನಟರಾಗಿ ಬೆಳೆದವರು. ಮರಾಠಿ ರಂಗಭೂಮಿಯೇ ಶಂಕರ್ ಅವರಿಗೆ ನಿಜವಾದ ಪಾಠಶಾಲೆಯಾಯಿತು. ಮುಂದೆ ಅವರ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವೂ ಆ ರಂಗಭೂಮಿಯಲ್ಲೇ ಆಯಿತು. ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಅವರ ಪಾಲಿತ್ತು.

1978ರಲ್ಲಿ ಗಿರೀಶ್ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಎಂಬ ಚಿತ್ರವನ್ನು ನಿರ್ದೇಶಿಸಿದಾಗ, ಕೂಲಿಗಾಗಿ ಕಾದುವ ಯೋಧನ ಪಾತ್ರಕ್ಕೆ ಈ ತರುಣನನ್ನು ಆರಿಸಿಕೊಂಡರು. ಅದು ಶಂಕರ್ ಅವರ ಮೊದಲ ಕನ್ನಡ ಚಿತ್ರ. ಆ ಪಾತ್ರಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿಯೂ ಅವರಿಗೆ ಬಂದಿತು. ಅಲ್ಲಿಂದ ಮುಂದಿನ 12 ವರ್ಷಗಳಲ್ಲಿ ಅವರು ಎಂಬತ್ತಕ್ಕೂ ಮಿಕ್ಕ ಚಿತ್ರಗಳಲ್ಲಿ ಅಭಿನಯಿಸಿದರು. 1980ರ ‘ಆಟೋ ರಾಜ’ ಚಿತ್ರದಲ್ಲಿ ಅವರು ರಿಕ್ಷಾ ಚಾಲಕನ ಪಾತ್ರ ವಹಿಸಿದ್ದೇ ತಡ, ನಾಡಿನ ರಿಕ್ಷಾ ಚಾಲಕರೆಲ್ಲ ಅವರನ್ನು ತಮ್ಮವನೆಂದು ಬಗೆದರು. ಇಂದಿಗೂ ಎಷ್ಟೋ ಊರುಗಳ ರಿಕ್ಷಾ ನಿಲ್ದಾಣಗಳಿಗೆ ಅವರ ಹೆಸರಿದೆ. ಎಷ್ಟೋ ರಿಕ್ಷಾಗಳ ಹಿಂಬದಿಯಲ್ಲಿ ಅವರ ಮುಖವಿದೆ. ಆ ರಿಕ್ಷಾಗಳನ್ನು ನಡೆಸುವ ತರುಣರಲ್ಲಿ ಅನೇಕರು ಅವರು ತೀರಿಕೊಂಡ ಮೇಲೆ ಹುಟ್ಟಿದವರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ನಟನಾಗಿ ಗಳಿಸಿದ ಹಣವನ್ನೂ ಹೆಸರನ್ನೂ ಅವರು ಬೇರೆ ಕೆಲಸಗಳಿಗೆ ಬಳಸಿದರು. 1980ರಲ್ಲಿ ‘ಮಿಂಚಿನ ಓಟ’ದ ಮೂಲಕ ನಿರ್ದೇಶಕರಾದರು. ಮುಂದೆ ‘ಗೀತಾ’, ರಾಷ್ಟ್ರಪ್ರಶಸ್ತಿ ಪಡೆದ ‘ಆ್ಯಕ್ಸಿಡೆಂಟ್’, ಡಾ. ರಾಜಕುಮಾರರು ನಟಿಸಿದ ‘ಒಂದು ಮುತ್ತಿನ ಕಥೆ’ ಮೊದಲಾದ ಚಿತ್ರಗಳನ್ನು ನಿರ್ದೇಶಿಸಿದರು. ‘ಸಂಕೇತ್’ ಎಂಬ ನಾಟಕ ತಂಡವನ್ನು ಕಟ್ಟಿದರು. ಆ ದಿನಗಳಲ್ಲಿ ಕನ್ನಡ ಚಿತ್ರಗಳು ಧ್ವನಿಮುದ್ರಣಕ್ಕಾಗಿ ಮದ್ರಾಸನ್ನೇ ಬಹುವಾಗಿ ನೆಚ್ಚಿಕೊಂಡಿದ್ದವು. ಈ ಪರಾವಲಂಬನೆ ಅವರಿಗೆ ಸರಿಕಾಣಲಿಲ್ಲ. ಮದ್ರಾಸಿನವರನ್ನು ದೂರುತ್ತ ಕೂರುವುದರ ಬದಲು, ಬೆಂಗಳೂರಿನಲ್ಲಿಯೇ ‘ಸಂಕೇತ್ ಎಲೆಕ್ಟ್ರಾನಿಕ್ಸ್’ ಎಂಬ ಧ್ವನಿಮುದ್ರಣ ಶಾಲೆಯನ್ನು ತೆರೆದರು. ಇಲ್ಲದ್ದನ್ನು ಬೇಡುತ್ತ ಕಾಯದೆ, ತಾನೇ ಕಟ್ಟಿಕೊಳ್ಳುವುದು ಅವರ ಸ್ವಭಾವದ ಮುಖ್ಯ ಲಕ್ಷಣವಾಗಿತ್ತು. ಈ ಲೇಖನದ ಮುಂದಿನ ಭಾಗಕ್ಕೆ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯ.

ಎಂಬತ್ತರ ದಶಕದ ನಡುವಿನಲ್ಲಿ, ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ದೂರದರ್ಶನಕ್ಕೆ ತರುವ ಕೆಲಸ ಶಂಕರ್ ಅವರ ಪಾಲಿಗೆ ಬಂದಿತು. ನಿರ್ಮಾಪಕರು ಟಿ. ಎಸ್. ನರಸಿಂಹನ್. ಕೆಲಸ ಸುಲಭದ್ದಾಗಿರಲಿಲ್ಲ. ತಮ್ಮ ‘ಗೈಡ್’ ಕಾದಂಬರಿಯು ಚಲನಚಿತ್ರವಾದ ಬಗೆ ನಾರಾಯಣ್ ಅವರಿಗೆ ಹಿಡಿಸಿರಲಿಲ್ಲ. ಅಲ್ಲದೆ ಮಾಲ್ಗುಡಿಯೆಂಬ ಊರು ಭೂಪಟದಲ್ಲಿಲ್ಲ. ಓದುಗರೊಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಮಾಲ್ಗುಡಿ ಇತ್ತು. ಶಂಕರ್ ಅವರು ಅದನ್ನು ಪಶ್ಚಿಮಘಟ್ಟದ ಆಗುಂಬೆಯಲ್ಲಿ ಕಂಡರು. ಆಗುಂಬೆಯ ಪೇಟೆಯ ಬೀದಿಯು ಮಾಲ್ಗುಡಿಯ ಬೀದಿಯಾಯಿತು. ಅಲ್ಲಿನ ಹಳೆಯ ದೊಡ್ಡಮನೆಯು ಬಾಲಕ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಅವರು ಹಳೆಯ ಕಾಲದ ವಾತಾವರಣವನ್ನು ಕಟ್ಟಿಕೊಟ್ಟರು. ಎಲ್. ವೈದ್ಯನಾಥನ್ ಅವರ ಸಂಗೀತ, ನಾರಾಯಣ್ ಅವರ ತಮ್ಮ ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಅದಕ್ಕೆ ಕೂಡಿಬಂದವು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದನು. ಗಿರೀಶ್ ಕಾರ್ನಾಡರು ತಂದೆಯಾದರು. ವೈಶಾಲಿ ಕಾಸರವಳ್ಳಿಯವರು ತಾಯಿಯಾದರು. ದೊಡ್ಡ ಘಟನೆಗಳೇನೂ ಇಲ್ಲದ, ಪರೀಕ್ಷೆಗೆ ಹೆದರುವ ಹುಡುಗನ, ಸಾಲಕ್ಕೆ ಅಂಜುವ ಗೃಹಸ್ಥನ ಸಣ್ಣ ಸಣ್ಣ ಕಥೆಗಳು ಇವು. ಆದರೂ 1987ರಲ್ಲಿ ಅವು ಪ್ರಸಾರವಾದಾಗ ದೇಶವೇ ಅವನ್ನು ತನ್ನ ಮನೆಯ ಕಥೆಯೆಂಬಂತೆ ನೋಡಿತು.

ಇಲ್ಲೊಂದು ವಿಚಿತ್ರವಿದೆ. ಕನ್ನಡದ ನಿರ್ದೇಶಕ, ಬಹುಮಟ್ಟಿಗೆ ಕನ್ನಡದ ನಟರು, ಮಲೆನಾಡಿನ ಬೀದಿ ಮನೆಗಳು. ಆದರೂ ಮಾತು ಮಾತ್ರ ಕನ್ನಡವಲ್ಲ. ಇಡೀ ದೇಶಕ್ಕೆ ಪ್ರಸಾರವಾಗಬೇಕಾದ್ದರಿಂದ ಮೊದಲ 13 ಕಂತುಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿಯೂ ಉಳಿದವು ಹಿಂದಿಯಲ್ಲಿಯೂ ತಯಾರಾದವು. ನಮ್ಮ ಗುತ್ತಿಗಾರಿನಂಥ ಊರುಗಳಲ್ಲಿ ಮನೆಯೊಳಗೆ ಅರೆಭಾಷೆ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ; ಹಿಂದಿ ಪುಸ್ತಕದೊಳಗಿನ ಭಾಷೆ. ಆಗುಂಬೆಯ ಮಳೆಯಂಥದೇ ಮಳೆ, ಅಂಥದೇ ಹಂಚಿನ ಮನೆ, ಅಂಥದೇ ಅಡಿಕೆಯ ತೋಟ ನಮ್ಮಲ್ಲಿಯೂ ಉಂಟು. ಆ ಬದುಕನ್ನೇ ತೋರಿಸುವ ಕಥೆಯು ಶಾಲೆಗೆ ಹೋಗದ ನಮ್ಮ ಹಿರಿಯರಿಗೆ ಚಿತ್ರವಾಗಿ ಕಂಡಿತೇ ಹೊರತು ಮಾತಾಗಿ ಮುಟ್ಟಲಿಲ್ಲ.

ಶಂಕರ್ ನಾಗ್ ಅವರ ನಿರ್ದೇಶನದಲ್ಲಿ 39 ಕಂತುಗಳು ಬಂದವು. ನಾರಾಯಣ್ ಅವರ ಕಥೆಗಳು ಇನ್ನೂ ಎಷ್ಟೋ ಉಳಿದಿದ್ದವು. ಅಷ್ಟರಲ್ಲಿ ವಿಧಿಯ ಲೆಕ್ಕ ಬೇರೆಯಾಯಿತು. 1990ನೆಯ ಇಸವಿ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರದ ಚಿತ್ರೀಕರಣಕ್ಕೆಂದು ಹೋಗುತ್ತಿರುವಾಗ, ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಅವರು ಮೃತಪಟ್ಟರು. ಆಗ ಅವರಿಗೆ ಮೂವತ್ತಾರೂ ತುಂಬಿರಲಿಲ್ಲ. ಜತೆಗಿದ್ದ ಅರುಂಧತಿಯವರೂ ಮಗಳು ಕಾವ್ಯಾಳೂ ಗಾಯಗೊಂಡು ಉಳಿದರು.

ಅನಂತರ ಆ ಧಾರಾವಾಹಿಯ ಗತಿಯೇನಾಯಿತು? ಅದು ಎರಡು ಸಲ, ಎರಡು ರೀತಿಯಲ್ಲಿ ಮರಳಿತು. ಮೊದಲನೆಯದು 2006ರಲ್ಲಿ. ಅದೇ ನಿರ್ಮಾಪಕರು ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಹೊಸದಾಗಿ 15 ಕಂತುಗಳನ್ನು ಮಾಡಿಸಿದರು. ನಿಂತ ಕಥೆ ಮುಂದುವರಿಯಬೇಕೆಂಬ ಆಸೆ ಹೀಗೆ ಈಡೇರಿತು. ಆದರೆ ಸ್ವಾಮಿಯಾಗಿದ್ದ ಬಾಲಕ ಅಷ್ಟರಲ್ಲಿ ಪ್ರೌಢನಾಗಿದ್ದನು. ನಾರಾಯಣ್ ಅವರು 2001ರಲ್ಲಿಯೇ ತೀರಿಕೊಂಡಿದ್ದರು. ಮಾಲ್ಗುಡಿಯನ್ನು ಕಟ್ಟಿದವರಂತೂ ಇರಲಿಲ್ಲ. ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತವನಿಗೆ ಹೊಸದು ಎಷ್ಟು ಚೆನ್ನಾಗಿದ್ದರೂ ಏನೋ ಕಡಮೆಯೆಂದೇ ತೋರುವುದು. ಇದು ಹೊಸ ನಿರ್ದೇಶಕರ ದೋಷವಲ್ಲ, ಕಾಲದ ಧರ್ಮ.

ಎರಡನೆಯದು 2020ರಲ್ಲಿ. ಕನ್ನಡ ಕಲಾವಿದರ ಜೀವನೋಪಾಯವನ್ನು ಕಾಪಾಡುವುದಕ್ಕಾಗಿ ನಮ್ಮ ನಾಡಿನಲ್ಲಿ 1960ರ ದಶಕದಿಂದ ಡಬ್ಬಿಂಗಿಗೆ ವಿರೋಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಅಂಥ ತಡೆಯನ್ನು ಒಪ್ಪದೆ ಆದೇಶ ಕೊಟ್ಟಿತು. 2020ರಲ್ಲಿ ಕೊರೋನಾ ಬಂದು ಚಿತ್ರೀಕರಣಗಳು ನಿಂತಾಗ, ವಾಹಿನಿಗಳು ಹಳೆಯ ಕಣಜಗಳನ್ನು ತೆರೆಯಬೇಕಾಯಿತು. ಆಗ ‘ಮಾಲ್ಗುಡಿ ಡೇಸ್’ ಕನ್ನಡ ಮಾತುಗಳೊಡನೆ ಕಿರುತೆರೆಗೆ ಬಂದಿತು. ಸ್ವಾಮಿಯು ತನ್ನ ಅಜ್ಜಿಯೊಡನೆ ಕನ್ನಡದಲ್ಲಿ ಮಾತಾಡಿದನು. ನಮ್ಮ ಮನೆಯಲ್ಲಿ ಅಜ್ಜಿಯೂ ತಾಯಿಯೂ ಅದನ್ನು ನೋಡಿ, ಯಾರೂ ಅರ್ಥ ಹೇಳಿಕೊಡದೆಯೇ ನಕ್ಕುದನ್ನು ನಾನು ಬಲ್ಲೆ. ಅದೇ ವರ್ಷ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡದಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೂ ಏರ್ಪಟ್ಟಿತು. ಕಟ್ಟುಕಥೆಯ ಊರೊಂದು ನಿಜವಾದ ರೈಲು ನಿಲ್ದಾಣದಲ್ಲಿ ಜಾಗ ಪಡೆದುದು ಸಾಮಾನ್ಯವಲ್ಲ.

ಈ ಎರಡು ಮರಳುವಿಕೆಗಳನ್ನು ಲೋಕದ ಇತರ ಉದಾಹರಣೆಗಳೊಡನೆ ಹೋಲಿಸಬಹುದು. ಅಮೆರಿಕದಲ್ಲಿ 1966ರಲ್ಲಿ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಧಾರಾವಾಹಿ ಆರಂಭವಾಯಿತು. ಎರಡು ವರ್ಷಗಳಲ್ಲಿ ಅದು ನಿಲ್ಲುವುದೆಂಬ ಸುದ್ದಿ ಹಬ್ಬಿದಾಗ ಅಭಿಮಾನಿಗಳು ರಾಶಿರಾಶಿಯಾಗಿ ಪತ್ರ ಬರೆದರು. ಪತ್ರಗಳಿಂದ ದೊರೆತುದು ಇನ್ನೊಂದು ವರ್ಷ ಮಾತ್ರ. 1969ರಲ್ಲಿ ಅದು ನಿಂತೇಹೋಯಿತು. ಅದನ್ನು ನಿಜವಾಗಿ ಉಳಿಸಿದುದು, ಸ್ಥಳೀಯ ಕೇಂದ್ರಗಳು ಹಳೆಯ ಕಂತುಗಳನ್ನೇ ಮತ್ತೆ ಮತ್ತೆ ತೋರಿಸಿದುದು. ಹೊಸ ಹೊಸ ನೋಡುಗರು ಹುಟ್ಟಿಕೊಂಡರು. 1979ರಲ್ಲಿ ಚಲನಚಿತ್ರವೇ ಬಂದಿತು. 2018ರಲ್ಲಿ ‘ದಿ ಎಕ್ಸ್‌ಪಾನ್ಸ್’ ಎಂಬ ಧಾರಾವಾಹಿಯನ್ನು ಅದರ ವಾಹಿನಿಯು ಮೂರನೆಯ ಭಾಗಕ್ಕೆ ನಿಲ್ಲಿಸಿದಾಗ, ಅಭಿಮಾನಿಗಳು ವಿಮಾನಕ್ಕೆ ಬ್ಯಾನರ್ ಕಟ್ಟಿ ಅಮೆಜಾನ್ ಕಂಪೆನಿಯ ಸ್ಟುಡಿಯೋದ ಮೇಲೆ ಹಾರಿಸಿದರು. ಆ ಕಂಪೆನಿಯು ಅದನ್ನು ವಹಿಸಿಕೊಂಡು ಮತ್ತೆ ಮೂರು ಭಾಗಗಳನ್ನು ಕೊಟ್ಟಿತು.

ಆದರೆ ಎಲ್ಲ ಭಾಷೆಯವರಿಗೂ ಹಾಗೆ ವಿಮಾನ ಹಾರಿಸುವ ಭಾಗ್ಯವಿಲ್ಲ. ಕೊಳ್ಳುವವರ ಸಂಖ್ಯೆಯನ್ನು ನೋಡಿ ನಡೆಯುವ ಕಂಪೆನಿಗಳು ಕನ್ನಡದತ್ತ ನೋಡಿದುದು ಕಡಮೆ. ನಮ್ಮ ಕರಾವಳಿಯ ಕಥೆಗಳ ‘ಏಕಂ’ ಎಂಬ ಸರಣಿಯನ್ನು ಯಾವ ಒಟಿಟಿಯೂ ತೆಗೆದುಕೊಳ್ಳಲಿಲ್ಲ. ನಟ ರಕ್ಷಿತ್ ಶೆಟ್ಟಿಯವರೂ ಅವರ ತಂಡದವರೂ 2024ರಲ್ಲಿ ಅದಕ್ಕಾಗಿಯೇ ತಮ್ಮದೊಂದು ಜಾಲತಾಣವನ್ನು ತೆರೆದು ಜನರ ಮುಂದಿಟ್ಟರು. ಸಂಕೇತ್ ಧ್ವನಿಮುದ್ರಣ ಶಾಲೆಯ ದಾರಿ ಇದೇ ಅಲ್ಲವೆ? ನಮ್ಮ ಹಳ್ಳಿಗಳ ಯಕ್ಷಗಾನ ಬಯಲಾಟದ ದಾರಿಯೂ ಹೆಚ್ಚು ಕಡಮೆ ಇದೇ. ಮೆಚ್ಚಿದ ಪ್ರಸಂಗವನ್ನು ಮತ್ತೆ ನೋಡಬೇಕೆನಿಸಿದರೆ ಊರವರು ತಾವೇ ಹರಕೆ ಹೊತ್ತು, ವೀಳ್ಯ ಕೊಟ್ಟು, ಮೇಳವನ್ನು ಕರೆಸುತ್ತಾರೆ. ಗದ್ದೆಯನ್ನು ಸಮಮಾಡುವವರೂ ಅವರೇ, ಆಟ ನೋಡುವವರೂ ಅವರೇ. ಆದ್ದರಿಂದಲೇ ಟಿಕೇಟಿನ ಡೇರೆ ಮೇಳಗಳು ಕ್ಷೀಣಿಸಿದರೂ ಹರಕೆಯಾಟದ ಮೇಳಗಳು ಉಳಿದಿವೆ.

ಶಂಕರ್ ನಾಗ್ ಅವರ ಬಾಳನ್ನು ಈ ದೃಷ್ಟಿಯಿಂದ ನೋಡಿದಾಗ, ಅಭಿಮಾನಿಗಳ ಆಸೆಯಲ್ಲಿ ಎರಡು ಬೇಡಿಕೆಗಳು ಕಲೆತಿರುವುದು ಕಾಣುತ್ತದೆ. ಹಿಂದೆ ಮಾಡಿದ್ದು ನಮಗೆ ದೊರೆಯಲಿ ಎಂಬುದೊಂದು. ಹಿಂದಿನಂತೆಯೇ ಇನ್ನಷ್ಟು ಬರಲಿ ಎಂಬುದು ಇನ್ನೊಂದು. ಮೊದಲನೆಯದನ್ನು ನಾವು ಸಂಕೋಚವಿಲ್ಲದೆ ಕೇಳಬೇಕು. ಇದ್ದ ಕಂತುಗಳನ್ನು ಕಾಪಾಡಿ, ನಮ್ಮ ಭಾಷೆಯಲ್ಲಿ ಕೊಡಿರೆಂದು ಕೇಳುವುದು ನೋಡುಗರ ಹಕ್ಕು. 2020ರಲ್ಲಿ ಅದು ಕೈಗೂಡಿದಾಗ ದೊರೆತ ಸಂತೋಷಕ್ಕೆ ಸಾಟಿಯಿಲ್ಲ. ಎರಡನೆಯದು ಯಾವ ಕಂಪೆನಿಯಿಂದಲೂ ಪೂರ್ತಿಯಾಗಿ ಈಡೇರದು. ಕಲಾವಿದನು ಹೋದಲ್ಲಿಂದ ಅವನ ಕೈ ಮರಳಿ ಬರುವುದಿಲ್ಲ. ಬರಬಹುದಾದುದು ಮತ್ತೊಬ್ಬರ ಕೈ. ಅದನ್ನು ಹೊಸ ಕೈಯೆಂದೇ ಬರಮಾಡಿಕೊಳ್ಳುವುದು ನ್ಯಾಯ.

ಅರುಂಧತಿಯವರು ಇದನ್ನು ಚೆನ್ನಾಗಿ ಅರಿತವರೆಂದು ತೋರುತ್ತದೆ. ಅವರು ಪತಿಯ ನೆನಪಿಗೆ ವಿಗ್ರಹವನ್ನು ನಿಲ್ಲಿಸಲಿಲ್ಲ. 2004ರಲ್ಲಿ ಬೆಂಗಳೂರಿನ ಜಯನಗರದ ಬಳಿ ‘ರಂಗಶಂಕರ’ವೆಂಬ ನಾಟಕ ಮಂದಿರವನ್ನು ತೆರೆದರು. ಶಂಕರ್ ಅವರನ್ನು ಕಂಡರಿಯದ ತರುಣ ತರುಣಿಯರು ಅಲ್ಲಿ ತಮ್ಮ ತಮ್ಮ ನಾಟಕಗಳನ್ನು ಆಡುತ್ತಿದ್ದಾರೆ.

ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವರು ನಮ್ಮಲ್ಲಿ ಬಹುಮಂದಿ ಇದ್ದೇವೆ. ನಮ್ಮ ಕಥೆಯನ್ನು ಯಾರಾದರೂ ದೊಡ್ಡ ಊರಿನವರು ಬಂದು ಹೇಳಲಿ, ಯಾವುದಾದರೂ ಕಂಪೆನಿ ಒಪ್ಪಿಕೊಳ್ಳಲಿ ಎಂದು ಕಾಯುವ ಅಭ್ಯಾಸ ನಮಗಿದೆ. ಮೂವತ್ತಾರು ತುಂಬುವುದರೊಳಗೆ ನಾಟಕ ತಂಡ, ಧ್ವನಿಮುದ್ರಣ ಶಾಲೆ, ಭೂಪಟದಲ್ಲಿಲ್ಲದ ಒಂದು ಊರು ಇವಿಷ್ಟನ್ನು ಕಟ್ಟಿದವರ ಬಾಳು ಆ ಅಭ್ಯಾಸವನ್ನು ಬಿಡಲು ಕಲಿಸುತ್ತದೆ. ಕಾಲೇಜಿನ ವಾರ್ಷಿಕೋತ್ಸವದ ರಂಗಮಂಚವಾಗಲಿ, ಊರಿನ ಯುವಕಮಂಡಲದ ಜಗಲಿಯಾಗಲಿ, ಆರಂಭಕ್ಕೆ ಅಷ್ಟು ಜಾಗ ಸಾಕು.