ಯಂತ್ರವಿದ್ಯಾವಿಶಾರದ ಅರ್ದೇಶೀರ್ ಕರ್ಸೆಟ್‌ಜಿ ವಾಡಿಯಾ

ಮುಂಬಯಿಯಲ್ಲಿ ವಾಸಿಸುವ ನಮಗೆ ವಾಡಿಯಾ ಎಂಬ ಹೆಸರು ಹೊಸದಲ್ಲ. ಪರೇಲಿನ ಆಸ್ಪತ್ರೆಗಳ ಮೇಲೆ ನಾವು ಅದನ್ನು ನಿತ್ಯವೂ ಕಾಣುತ್ತೇವೆ. ಆದರೆ ಆ ವಂಶದಲ್ಲಿ ಜನಿಸಿ, ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವನ್ನು ಭಾರತೀಯರಲ್ಲಿ ಮೊತ್ತಮೊದಲು ಪಡೆದ ಅರ್ದೇಶೀರರ ಚರಿತ್ರೆಯನ್ನು ಬಲ್ಲವರು ನಮ್ಮಲ್ಲಿ ವಿರಳ. ಮನೆಯಲ್ಲಿಯೇ ಅನಿಲವನ್ನು ತಯಾರಿಸಿ ದೀಪ ಬೆಳಗಿಸಿದ ಆ ಸಾಹಸಿಯ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಅರ್ದೇಶೀರರು 1808ನೆಯ ಇಸವಿ ಅಕ್ಟೋಬರ್ 6ರಂದು ಮುಂಬಯಿಯಲ್ಲಿ ಜನಿಸಿದರು. ಅವರ ಪೂರ್ವಿಕರಾದ ಲವಜಿ ನಸರ್ವಾನ್‌ಜಿ ವಾಡಿಯಾ ಅವರು 1736ರಲ್ಲಿ ಸೂರತ್ತಿನಿಂದ ಇಲ್ಲಿಗೆ ಬಂದು ಹಡಗುಕಟ್ಟೆಯ ಕೆಲಸವನ್ನು ವಹಿಸಿಕೊಂಡಿದ್ದರು. ಈ ಮನೆತನದವರು ತೇಗದ ಮರದಿಂದ ಕಟ್ಟಿದ ಹಡಗುಗಳು ಎಷ್ಟು ದೃಢವಾಗಿದ್ದುವೆಂದರೆ, 1817ರಲ್ಲಿ ಮುಂಬಯಿಯಲ್ಲಿ ಸಿದ್ಧವಾದ 'ಟ್ರಿಂಕೋಮಲಿ' ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲಿದೆ. ಕುಲದ ಪದ್ಧತಿಯಂತೆ ಅರ್ದೇಶೀರರೂ ಹದಿನಾಲ್ಕನೆಯ ವಯಸ್ಸಿನಲ್ಲಿ ಹಡಗುಕಟ್ಟೆಯನ್ನು ಸೇರಿದರು. ಆದರೆ ಅವರ ಮನಸ್ಸು ಹಾಯಿಗಿಂತ ಉಗಿಯ ಕಡೆಗೇ ಹೆಚ್ಚಾಗಿ ಒಲಿಯಿತು. ಒಂದು ಅಶ್ವಶಕ್ತಿಯ ಉಗಿಯಂತ್ರವನ್ನು ಸ್ವತಃ ನಿರ್ಮಿಸಿ, ಅದರಿಂದ ನೀರನ್ನು ಮೇಲೆತ್ತಿಸಿದರು. 1833ರಲ್ಲಿ 'ಇಂಡಸ್' ಎಂಬ 60 ಟನ್ನಿನ ಹಡಗನ್ನು ಕಟ್ಟಿ ನೀರಿಗಿಳಿಸಿದರು.

ಮರುವರ್ಷ, 1834ರಲ್ಲಿ, ಮಝಗಾಂವಿನಲ್ಲಿದ್ದ ಅವರ ಬಂಗಲೆಯೂ ತೋಟವೂ ಅನಿಲದೀಪಗಳಿಂದ ಬೆಳಗಿದುವು. ಆಗಿನ ಗವರ್ನರರಾದ ಕ್ಲೇರ್ ಪ್ರಭುಗಳು ಅಲ್ಲಿಗೆ ಬಂದು ಅದನ್ನು ನೋಡಿ ಮೆಚ್ಚಿದರು. ನಗರದ ಬೀದಿಗಳಲ್ಲಿ ಅನಿಲದೀಪ ಉರಿದುದು 1865ರಲ್ಲಿ, ಎಂದರೆ ಅದಾದ ಮೂವತ್ತೊಂದು ವರ್ಷಗಳ ಮೇಲೆ.

ಈ ಕಾರ್ಯ ಎಷ್ಟು ಕಷ್ಟದ್ದೆಂಬುದನ್ನು ತಿಳಿಯಲು ಅನಿಲವನ್ನು ಪಡೆಯುವ ಬಗೆಯನ್ನು ಅರಿಯಬೇಕು. ಕಲ್ಲಿದ್ದಲನ್ನು ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಯಲ್ಲಿಟ್ಟು ಚೆನ್ನಾಗಿ ಕಾಯಿಸಿದರೆ ಅನಿಲ ಹೊರಡುತ್ತದೆ. ಅದರಲ್ಲಿ ಸುಮಾರು ಅರ್ಧಪಾಲು ಜಲಜನಕವೇ. ಉಳಿದುದರಲ್ಲಿ ಹೆಚ್ಚಿನದು ಮೀಥೇನ್. ಅದರೊಡನೆ ಡಾಮರೂ ಅಮೋನಿಯವೂ ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲವೂ ಬರುತ್ತವೆ. ಅನಿಲವನ್ನು ತಣ್ಣಗಾಗಿಸಿ, ನೀರಿನಲ್ಲಿಯೂ ಸುಣ್ಣದಲ್ಲಿಯೂ ಹಾಯಿಸಿ ಶುದ್ಧಿಗೊಳಿಸಿ, ನೀರಿನಲ್ಲಿ ಬೋರಲಾಗಿ ನಿಲ್ಲಿಸಿದ ಕಬ್ಬಿಣದ ಪಾತ್ರೆಯಲ್ಲಿ ಸಂಗ್ರಹಿಸಬೇಕು. ಡಾಮರು ನಿಂತರೆ ಕೊಳವೆ ಕಟ್ಟಿಕೊಳ್ಳುತ್ತದೆ. ಒತ್ತಡ ಹೆಚ್ಚು ಕಡಿಮೆಯಾದರೆ ಜ್ವಾಲೆ ಕುಣಿಯುತ್ತದೆ. ಕೀಲು ಸಡಿಲವಾದರೆ ಅನಿಲ ಸೋರಿ ಉಸಿರಿಗೆ ವಿಷವಾಗುತ್ತದೆ. ಒಳಗೆ ಗಾಳಿ ಬೆರೆತರಂತೂ ಸಿಡಿತ ತಪ್ಪದು. ಇಂಥ ಸಾಧನವನ್ನು ಜೋಡಿಸುವುದು ಅರ್ಧ ವಿದ್ಯೆ, ಅದರ ದೋಷ ಎಲ್ಲಿದೆಯೆಂದು ಕಂಡುಹಿಡಿಯುವುದು ಉಳಿದರ್ಧ. ಈ ಎರಡರ್ಧವೂ ಕೈವಶವಾಗಿದ್ದುದರಿಂದಲೇ ಅರ್ದೇಶೀರರ ದೀಪಗಳು ಉರಿದುವು.

ಉಗಿಹಡಗುಗಳ ವಿದ್ಯೆಯನ್ನು ಪೂರ್ಣವಾಗಿ ಕಲಿಯಲು ಅವರು 1839ರಲ್ಲಿ ಇಂಗ್ಲೆಂಡಿಗೆ ತೆರಳಿದರು. ಆ ಪ್ರವಾಸದ ದಿನಚರಿ 1840ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು. 1841ನೆಯ ಮೇ 27ರಂದು ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಅದೇ ವರ್ಷ ಅವರು ಮುಂಬಯಿಗೆ ಮರಳಿ ಈಸ್ಟ್ ಇಂಡಿಯಾ ಕಂಪನಿಯ ಉಗಿಯಂತ್ರ ಕಾರ್ಖಾನೆಯ ಮುಖ್ಯ ಎಂಜಿನಿಯರರಾದರು. ಯುರೋಪಿಯನ್ ಕೆಲಸಗಾರರು ಭಾರತೀಯನೊಬ್ಬನ ಕೈಕೆಳಗೆ ದುಡಿಯಬೇಕಾದುದು ಆಂಗ್ಲರಲ್ಲಿ ಕೆಲವರಿಗೆ ಸಹನೆಯಾಗಲಿಲ್ಲ. ಪತ್ರಿಕೆಯಲ್ಲಿಯೂ ಆಕ್ಷೇಪಣೆ ಎದ್ದಿತು. ಅರ್ದೇಶೀರರಾದರೋ 1857ರವರೆಗೆ ಆ ಅಧಿಕಾರವನ್ನು ನಿರ್ವಹಿಸಿದರು. 1849ರಲ್ಲಿ ಅಮೆರಿಕೆಯನ್ನು ಕಂಡು ಬಂದರು. 1851ರಲ್ಲಿ ತಮ್ಮ ಸ್ವಂತ ಕಮ್ಮಟದಲ್ಲಿ ಸಿದ್ಧಪಡಿಸಿದ ಭಾಗಗಳಿಂದ 'ಲವಜಿ ಫ್ಯಾಮಿಲಿ' ಎಂಬ ಉಗಿಹಡಗನ್ನು ನೀರಿಗಿಳಿಸಿದರು. ಹೊಲಿಗೆಯಂತ್ರ, ಛಾಯಾಚಿತ್ರಣ, ವಿದ್ಯುತ್ತಿನಿಂದ ಲೋಹಲೇಪನ ಇವುಗಳನ್ನು ಈ ನಗರಕ್ಕೆ ಪರಿಚಯಿಸಿದ ಕೀರ್ತಿಯೂ ಅವರದೇ. ಕೊನೆಯ ದಿನಗಳನ್ನು ಇಂಗ್ಲೆಂಡಿನ ರಿಚ್‌ಮಂಡಿನಲ್ಲಿ ಕಳೆದು, 1877ನೆಯ ನವೆಂಬರ್ 16ರಂದು ಅಲ್ಲಿಯೇ ನಿಧನರಾದರು. 1969ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.

ಅರ್ದೇಶೀರರ ಚರಿತ್ರೆ ಇಂದಿನ ನಮಗೂ ಒಂದು ಪಾಠವನ್ನು ಕಲಿಸುತ್ತದೆ. ಜಲಜನಕದಿಂದ ಬಂಡಿಯನ್ನು ಓಡಿಸುವ ಯತ್ನ ಬಹಳ ಹಳೆಯದು. ಸ್ವಿಟ್ಜರ್ಲೆಂಡಿನ ಐಸಾಕ್ ದೆ ರಿವಾಜ್ ಎಂಬವರು ಅಂಥ ಎಂಜಿನ್ನಿಗೆ 1807ರಲ್ಲಿಯೇ ಸನ್ನದು ಪಡೆದಿದ್ದರು. ನಮ್ಮ ಕಾಲದಲ್ಲಿಯೂ ಕೆಲವರು ಉಕ್ಕಿನ ತಗಡುಗಳನ್ನು ಕ್ಷಾರ ಬೆರೆಸಿದ ನೀರಿನಲ್ಲಿ ಮುಳುಗಿಸಿ, ಕಾರಿನ ಬ್ಯಾಟರಿಯ ವಿದ್ಯುತ್ತಿನಿಂದ ನೀರನ್ನು ಒಡೆದು, ಹೊರಟ ಅನಿಲವನ್ನು ಎಂಜಿನ್ನಿಗೆ ಊಡಿಸಿ ಪೆಟ್ರೋಲನ್ನು ಉಳಿಸಲು ಹವಣಿಸುತ್ತಾರೆ. ಗುಳ್ಳೆ ಏಳದಿದ್ದರೆ ತಂತಿಯ ಜೋಡಣೆಯನ್ನು ನೋಡುತ್ತಾರೆ. ಪೆಟ್ಟಿಗೆ ಕಾದರೆ ಕ್ಷಾರವನ್ನು ತಗ್ಗಿಸುತ್ತಾರೆ. ನೊರೆ ಉಕ್ಕಿದರೆ ನೀರಿನ ಮಟ್ಟವನ್ನು ಇಳಿಸುತ್ತಾರೆ. ಇವೆಲ್ಲ ಸರಿಹೋದ ಮೇಲೂ ಒಂದು ದೋಷ ಉಳಿಯುತ್ತದೆ. ಕಲ್ಲಿದ್ದಲು ಇನ್ನೂ ಉರಿಯದ ಇಂಧನ. ನೀರಾದರೋ ಉರಿದು ಮುಗಿದ ಜಲಜನಕ. ಒಂದು ಕಿಲೋಗ್ರಾಂ ಜಲಜನಕವನ್ನು ನೀರಿನಿಂದ ಬಿಡಿಸಲು ಸುಮಾರು 50 ಯೂನಿಟ್ ವಿದ್ಯುತ್ತು ಬೇಕು. ಉರಿಸಿದಾಗ ಮರಳಿ ಸಿಕ್ಕುವ ಶಾಖ ಸುಮಾರು 33 ಯೂನಿಟ್. ಅದರಲ್ಲಿಯೂ ಎಂಜಿನ್ನು ಚಾಲನೆಗೆ ಬಳಸುವುದು ಮೂರರಲ್ಲೊಂದು ಪಾಲಿನಷ್ಟೇ. ಆ ವಿದ್ಯುತ್ತಾದರೂ ಬರುವುದು ಅದೇ ಪೆಟ್ರೋಲಿನಿಂದ. ಆದ್ದರಿಂದ ಹೀಗೆ ಮಾಡಿದರೆ ಉಳಿತಾಯಕ್ಕೆ ಬದಲು ನಷ್ಟವೇ ಗತಿ. ಅಪಾಯವೂ ಸಣ್ಣದಲ್ಲ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಜಲಜನಕ ಬೆರೆತರೆ ಒಂದು ಕಿಡಿ ಸಾಕು. ಆ ಪೆಟ್ಟಿಗೆಯಲ್ಲಂತೂ ಜಲಜನಕದ ಪಕ್ಕದಲ್ಲಿಯೇ ಆಮ್ಲಜನಕ ಕಾದಿರುತ್ತದೆ.

ಕೈಯಿಂದ ಕಲಿಯಬೇಕೆಂಬ ಹಂಬಲ ನಮ್ಮ ಮಕ್ಕಳಲ್ಲಿ ಬತ್ತಬಾರದು. ಅದಿಲ್ಲದಿದ್ದರೆ ಮಝಗಾಂವಿನ ದೀಪ ಹೊತ್ತುತ್ತಲೇ ಇರಲಿಲ್ಲ. ಆದರೆ ಬೆಂಕಿಯ ಕೆಲಸವನ್ನು ಗುರುಗಳ ಸಮಕ್ಷಮದಲ್ಲಿ, ಪ್ರಯೋಗಶಾಲೆಯಲ್ಲಿ ಮಾಡತಕ್ಕದ್ದು. ಯಂತ್ರಕ್ಕೆ ಕೈಹಚ್ಚುವ ಮೊದಲು ಲೆಕ್ಕವನ್ನು ಕಾಗದದ ಮೇಲೆ ಹಾಕತಕ್ಕದ್ದು. ಹಡಗುಕಟ್ಟೆಯಲ್ಲಿ ಕಲಿತ ಹುಡುಗ ರಾಯಲ್ ಸೊಸೈಟಿಯವರೆಗೆ ಏರಿದ ನಗರವಿದು. ಅಂಥ ಶ್ರದ್ಧೆ ನಮ್ಮ ಶಾಲೆಯ ಮಕ್ಕಳಲ್ಲಿಯೂ ಬೆಳೆಯಲೆಂದು ಹಾರೈಸುತ್ತೇವೆ.