ರಾಬರ್ಟ್ ಹೋಮ್: ಪಾಳಯದ ಕರಡಿನಿಂದ ಹಿರಿಯ ಕ್ಯಾನ್ವಾಸಿನವರೆಗೆ

ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣ, ಮದ್ದೂರು, ಮಳವಳ್ಳಿ ಸೀಮೆಯ ಹದಿನೆಂಟನೆಯ ಶತಮಾನದ ಕೊನೆಯ ದಶಕದ ಚರಿತ್ರೆಯನ್ನು ಬಹುಮಟ್ಟಿಗೆ ಲಿಖಿತ ಹಾಗೂ ಮೌಖಿಕ ಆಕರಗಳ ನೆರವಿನಿಂದಲೇ ಕಟ್ಟಿಕೊಳ್ಳಲಾಗಿದೆ. ಕಂಪನಿಯ ಸೇನಾಧಿಕಾರಿಗಳ ವೃತ್ತಾಂತಗಳು, ಪರ್ಷಿಯನ್ ಚರಿತ್ರೆಗಳು, ಟಿಪ್ಪುವನ್ನು ಕುರಿತ ಕನ್ನಡ ಲಾವಣಿಗಳು ಈ ದಿಸೆಯಲ್ಲಿ ಮುಖ್ಯವಾದವು. ಇವುಗಳ ಜೊತೆಯಲ್ಲಿ ಇರಿಸಿ ನೋಡಬೇಕಾದ ಇನ್ನೊಂದು ಆಕರವೆಂದರೆ ಚಿತ್ರ. ಈ ನೆಲವನ್ನು ಯುದ್ಧಕಾಲದಲ್ಲಿಯೇ ಕಣ್ಣಾರೆ ಕಂಡು ಬರೆದ ವೃತ್ತಿನಿರತ ತೈಲವರ್ಣ ಕಲಾವಿದರಲ್ಲಿ ರಾಬರ್ಟ್ ಹೋಮ್ ಪ್ರಮುಖನಾದವನು. ಅವನ ಬದುಕು ಎರಡು ಅಳತೆಗಳ ನಡುವೆ ಸಾಗಿತು. ಒಂದು, ಸ್ಥಳದಲ್ಲಿ ಕುಳಿತು ಬಿಡಿಸಿದ ಸಣ್ಣ ಚಿತ್ರಗಳು. ಇನ್ನೊಂದು, ಊರು ಸೇರಿದ ಮೇಲೆ ಚಿತ್ರಶಾಲೆಯಲ್ಲಿ ರಚಿಸಿದ ಹಿರಿಯ ಕ್ಯಾನ್ವಾಸುಗಳು. ಅಳತೆ ಬದಲಾದಂತೆ ಅವನ ಚಿತ್ರಗಳಲ್ಲಿ ಈ ನೆಲದ ಸ್ಥಾನವೂ ಬದಲಾಗುತ್ತದೆ ಎಂಬುದು ಅವನ ಜೀವನಗತಿಯನ್ನು ಗಮನಿಸಿದಾಗ ಸ್ಪಷ್ಟವಾಗುತ್ತದೆ.

ಹೋಮ್ ಹುಟ್ಟಿದ್ದು 1752ರಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ. ತಂದೆ ಸೈನ್ಯದ ಶಸ್ತ್ರವೈದ್ಯ. ತಮ್ಮ ಎವೆರಾರ್ಡ್ ಹೋಮ್ ಮುಂದೆ ಹೆಸರಾಂತ ಶಸ್ತ್ರವೈದ್ಯನಾದನು. ಸಹೋದರಿ ಆ್ಯನ್ ಕವಯಿತ್ರಿ; ಅವಳ ಪತಿ ಜಾನ್ ಹಂಟರ್ ಆ ಕಾಲದ ಪ್ರಸಿದ್ಧ ಅಂಗರಚನಾ ಶಾಸ್ತ್ರಜ್ಞ. ಹೀಗೆ ಶರೀರವನ್ನೂ ಜೀವಿಗಳನ್ನೂ ಸೂಕ್ಷ್ಮವಾಗಿ ಪರಿಶೀಲಿಸುವ ವಾತಾವರಣ ಅವನ ಕುಟುಂಬದಲ್ಲಿಯೇ ಇದ್ದಿತು. ಹೋಮ್ ವೈದ್ಯವೃತ್ತಿಯ ಬದಲು ಚಿತ್ರಕಲೆಯನ್ನು ಆರಿಸಿಕೊಂಡು ಆ್ಯಂಜೆಲಿಕಾ ಕೌಫ್‌ಮನ್ ಎಂಬ ಕಲಾವಿದೆಯ ಬಳಿ ಅಭ್ಯಾಸ ಮಾಡಿದನು. 1770ರ ದಶಕದಲ್ಲಿ ರೋಮ್ ನಗರದಲ್ಲಿದ್ದು ಪ್ರಾಚೀನ ಶಿಲ್ಪಗಳನ್ನೂ ಹಿಂದಿನ ಗುರುಗಳ ಕೃತಿಗಳನ್ನೂ ಅಧ್ಯಯನ ಮಾಡಿದನು. ಆಮೇಲೆ ಡಬ್ಲಿನ್ ನಗರದಲ್ಲಿ ಸುಮಾರು ಹತ್ತು ವರ್ಷ ಭಾವಚಿತ್ರಕಾರನಾಗಿ ನೆಲೆಸಿದನು. ಅಂದಿನ ಯುರೋಪಿನ ಕಲಾಶಿಕ್ಷಣದಲ್ಲಿ ಚರಿತ್ರೆಯ ಮಹಾಘಟನೆಗಳನ್ನು ಚಿತ್ರಿಸುವುದು ಅತ್ಯುನ್ನತ ಪ್ರಕಾರವೆನಿಸಿದ್ದರೆ, ಭಾವಚಿತ್ರ, ನಿಸರ್ಗಚಿತ್ರ, ಸ್ಥಿರವಸ್ತುಗಳ ಚಿತ್ರ ಅದಕ್ಕಿಂತ ಕೆಳಗಿನ ಶ್ರೇಣಿಯವಾಗಿದ್ದವು. ಕ್ಯಾನ್ವಾಸಿನ ಗಾತ್ರವೂ ಈ ಶ್ರೇಣಿಗೆ ಅನುಗುಣವಾಗಿಯೇ ಇರುತ್ತಿತ್ತು. ಹೋಮನ ಜೀವನೋಪಾಯ ಭಾವಚಿತ್ರದಿಂದ ನಡೆಯುತ್ತಿತ್ತು. ಅವನು ಪಡೆದ ಶಿಕ್ಷಣವಾದರೋ ಮಹಾಚಿತ್ರದ ಆದರ್ಶವನ್ನು ಮುಂದಿಟ್ಟಿತ್ತು.

1791ರ ಆರಂಭದಲ್ಲಿ ಅವನು ಮದ್ರಾಸಿಗೆ ಬಂದಿಳಿದನು. ಆಗ ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡಿನ ನಾಯಕತ್ವ ವಹಿಸಿ ಬೆಂಗಳೂರಿನತ್ತ ಸಾಗಿದ್ದನು. ಹೋಮ್ ಆ ದಂಡಿನೊಡನೆ ಇರುವ ಅವಕಾಶವನ್ನು ಪಡೆದು ಮೈಸೂರು ಸೀಮೆಯನ್ನು ಪ್ರವೇಶಿಸಿದನು. 1791ರ ಮಾರ್ಚಿಯಲ್ಲಿ ಬೆಂಗಳೂರು ಕೋಟೆ ಕಂಪನಿಯ ವಶವಾಯಿತು. ಮೇ ತಿಂಗಳಿನಲ್ಲಿ ದಂಡು ಶ್ರೀರಂಗಪಟ್ಟಣದತ್ತ ಹೊರಟಾಗ, ಚನ್ನಪಟ್ಟಣ, ಮದ್ದೂರುಗಳ ನೇರ ದಾರಿಯಲ್ಲಿ ಮೇವು ಧಾನ್ಯಗಳು ದೊರೆಯದಂತೆ ಟಿಪ್ಪು ಮಾಡಿದ್ದುದರಿಂದ, ಕಾರ್ನ್‌ವಾಲಿಸ್ ಕನಕಪುರ, ಮಳವಳ್ಳಿಗಳ ಕಡೆಯ ಬಳಸುದಾರಿಯನ್ನು ಹಿಡಿಯಬೇಕಾಯಿತು. ಮೇ 15ರಂದು ಅರಕೆರೆಯ ಬಳಿ ಕಾಳಗ ನಡೆಯಿತು. ಆದರೆ ಮಳೆ, ಧಾನ್ಯದ ಅಭಾವ ಹಾಗೂ ಎತ್ತುಗಳ ಸಾವಿನಿಂದ ದಂಡು ಕಂಗೆಟ್ಟಿತು. ಕನ್ನಂಬಾಡಿಯ ಬಳಿ ಭಾರಿ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿತು. ಮಳವಳ್ಳಿ, ಮದ್ದೂರು ಸೀಮೆಯ ರೈತಾಪಿ ಜನ ಎರಡೂ ಕಡೆಯ ಸೈನ್ಯಗಳ ನಡುವೆ ಬೆಳೆ, ದನಕರುಗಳನ್ನು ಕಳೆದುಕೊಂಡ ಕಾಲವಿದು.

ಈ ದಂಡಯಾತ್ರೆಯ ಅವಧಿಯಲ್ಲಿ ಹೋಮ್ ಕೈಗೊಂಡ ಕೆಲಸ ಗಾತ್ರದಲ್ಲಿ ಸಣ್ಣದು. ತೈಲವರ್ಣ ನಿಧಾನವಾಗಿ ಒಣಗುವಂಥದ್ದು. ಚೌಕಟ್ಟಿಗೆ ಬಿಗಿದ ಹಿರಿಯ ಕ್ಯಾನ್ವಾಸನ್ನು ದಿನವೂ ಬಿಡಾರ ಬದಲಿಸುವ ಪಾಳಯದಲ್ಲಿ ಹೊತ್ತು ತಿರುಗುವುದು ಸಾಧ್ಯವಿರಲಿಲ್ಲ. ಕಾಗದದ ಮೇಲಿನ ರೇಖಾಚಿತ್ರವೇ ಅಲ್ಲಿ ಸಾಧ್ಯವಿದ್ದ ಮಾಧ್ಯಮ. ಬೆಂಗಳೂರಿನ ಕೋಟೆ ಬಾಗಿಲು, ಸಾವನದುರ್ಗ, ಶಿವಗಂಗೆ, ರಾಮಗಿರಿ, ನಂದಿದುರ್ಗ, ಶ್ರೀರಂಗಪಟ್ಟಣದ ದೂರದ ನೋಟ, ಹೈದರನ ಗೋರಿ ಮೊದಲಾದವುಗಳನ್ನು ಅವನು ಸ್ಥಳದಲ್ಲಿಯೇ ಗುರುತಿಸಿಕೊಂಡನು. ಇವು 1794ರಲ್ಲಿ ಲಂಡನ್ನಿನಲ್ಲಿ ‘ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್’ ಎಂಬ ಗ್ರಂಥವಾಗಿ, 29 ಕೆತ್ತನೆಯ ಫಲಕಗಳೊಂದಿಗೆ ಪ್ರಕಟಗೊಂಡವು. ಬಂಡೆಯ ಏರಿಳಿತ, ಕೋಟೆಯ ಗೋಡೆ ಬಂಡೆಗೆ ಹೊಂದಿಕೊಂಡ ಬಗೆ, ಗುಮ್ಮಟದ ಪ್ರಮಾಣ ಇವುಗಳತ್ತ ಈ ಚಿತ್ರಗಳ ಗಮನವಿದೆ. ಮನುಷ್ಯರು ಇಲ್ಲಿ ಸಣ್ಣವರು. ಬೆಟ್ಟಕ್ಕೋ ಕಟ್ಟಡಕ್ಕೋ ಅಳತೆಗೋಲಾಗಿ ಮಾತ್ರ ಬರುತ್ತಾರೆ.

ಈ ಚಿತ್ರಗಳ ಸಾಕ್ಷ್ಯಮೌಲ್ಯವನ್ನು ತಿಳಿಯಲು ಶ್ರೀರಂಗಪಟ್ಟಣದ ದ್ವೀಪದ ಪೂರ್ವಕ್ಕಿರುವ ಲಾಲ್‌ಬಾಗಿನ ನಿದರ್ಶನವೊಂದೇ ಸಾಕು. ಗುಂಬಜಿನ ಸುತ್ತಲೂ ಇದ್ದ ಆ ಉದ್ಯಾನವನದ ಸೈಪ್ರೆಸ್ ಮರಗಳನ್ನು 1792ರ ಫೆಬ್ರವರಿಯ ಮುತ್ತಿಗೆಯ ವೇಳೆ ಕಂಪನಿಯ ಸೈನಿಕರು ಕಡಿದು ಮುತ್ತಿಗೆಯ ಕಂದಕಗಳಿಗೆ ಬೇಕಾದ ಕಟ್ಟುಗಳನ್ನಾಗಿ ಮಾಡಿಕೊಂಡರು; ಅಲ್ಲಿನ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಅಂದರೆ ಹೋಮ್ ಯಾವ ಸ್ಥಳವನ್ನು ಕಾಗದಕ್ಕೆ ಇಳಿಸಿಕೊಳ್ಳುತ್ತಿದ್ದನೋ ಆ ಸ್ಥಳವನ್ನು ಅವನ ಜೊತೆಗಿದ್ದ ದಂಡೇ ಮಾರ್ಪಡಿಸುತ್ತಿತ್ತು. ಚಿತ್ರಣ ಮತ್ತು ನಾಶ ಏಕಕಾಲದಲ್ಲಿ ನಡೆದವು ಎಂಬುದನ್ನು ಮರೆತು ಈ ಚಿತ್ರಗಳನ್ನು ಬರಿಯ ನಿಸರ್ಗದೃಶ್ಯಗಳೆಂದು ಭಾವಿಸುವುದು ಸರಿಯಾಗದು.

1792ರ ಫೆಬ್ರವರಿ 26ರಂದು ಟಿಪ್ಪುವಿನ ಇಬ್ಬರು ಮಕ್ಕಳಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಅವರನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನ ಪಾಳಯಕ್ಕೆ ಕಳುಹಿಸಲಾಯಿತು. ಮೈಸೂರಿನ ಅರ್ಧ ರಾಜ್ಯ ಹಾಗೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನು ಬಿಟ್ಟುಕೊಡಬೇಕೆಂಬ ಒಪ್ಪಂದಕ್ಕೆ ಆ ಬಾಲಕರು ಜಾಮೀನು. ಯುದ್ಧಾನಂತರ ಮದ್ರಾಸಿಗೆ ಹಿಂದಿರುಗಿದ ಹೋಮ್ ಈ ಘಟನೆಯನ್ನು ಸುಮಾರು ಒಂದೂವರೆ ಮೀಟರ್ ಎತ್ತರ, ಎರಡು ಮೀಟರ್ ಅಗಲದ ತೈಲವರ್ಣ ಕ್ಯಾನ್ವಾಸಿನ ಮೇಲೆ ಚಿತ್ರಿಸಿದನು. ಬಾಲಕರು 1794ರಲ್ಲಿ ತಂದೆಯ ಬಳಿಗೆ ಮರಳುವವರೆಗೆ ಮದ್ರಾಸಿನಲ್ಲಿಯೇ ಇದ್ದರು. ಗುಡಾರ, ಆನೆ, ಅಧಿಕಾರಿಗಳ ಗುಂಪು, ವಕೀಲ ಗುಲಾಮ್ ಅಲಿ ಖಾನ್, ನಡುವೆ ಮಕ್ಕಳನ್ನು ಬರಮಾಡಿಕೊಳ್ಳುವ ಕಾರ್ನ್‌ವಾಲಿಸ್ ಇದರಲ್ಲಿದ್ದಾರೆ. ಡಬ್ಲಿನ್ನಿನಲ್ಲಿ ಸಾಧಿಸಿದ ಭಾವಚಿತ್ರದ ಕೌಶಲ ಇಲ್ಲಿ ಒದಗಿಬಂದು, ಮುಖಗಳು ಒಂದೊಂದೂ ಬೇರೆಯಾಗಿ ಗುರುತಿಸುವಂತಿವೆ. ಎಡತುದಿಯಲ್ಲಿ ಚಿತ್ರಗಳ ಕಡತವನ್ನು ಹಿಡಿದು ನಿಂತ ತನ್ನ ರೂಪವನ್ನೂ ಹೋಮ್ ಸೇರಿಸಿದ್ದಾನೆ. ಸಣ್ಣ ಕರಡುಗಳ ಆ ಕಡತವೇ ದೊಡ್ಡ ಚಿತ್ರಕ್ಕೆ ಪ್ರಮಾಣಪತ್ರವೆಂಬಂತೆ ನಿಂತಿದೆ.

ಬೆಂಗಳೂರು ಪೇಟೆಯ ಬಾಗಿಲಲ್ಲಿ 1791ರ ಮಾರ್ಚಿ 7ರಂದು ಮಡಿದ ಫಿರಂಗಿದಳದ ಕರ್ನಲ್ ಮೂರ್‌ಹೌಸನ ಮರಣವನ್ನೂ ಅವನು ಇಂಥದೇ ಕ್ಯಾನ್ವಾಸಿನಲ್ಲಿ ಚಿತ್ರಿಸಿದನು. ಬೆಂಜಮಿನ್ ವೆಸ್ಟ್ ಜನರಲ್ ವೂಲ್ಫನ ಮರಣಚಿತ್ರದಿಂದ ಜನಪ್ರಿಯಗೊಳಿಸಿದ್ದ ವೀರಮರಣದ ಮಾದರಿ ಇದರ ಹಿಂದಿದೆ. ಈ ಎರಡೂ ಚಿತ್ರಗಳು 1797ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನಕ್ಕೆ ಹೋದವು. ಸಣ್ಣ ಚಿತ್ರಗಳಲ್ಲಿ ಕೇಂದ್ರದಲ್ಲಿದ್ದ ಬೆಟ್ಟ, ಕೋಟೆ, ಬಯಲುಗಳು ಈ ಕ್ಯಾನ್ವಾಸುಗಳಲ್ಲಿ ಹಿಂದೆ ಸರಿದು ರಂಗಸಜ್ಜಿಕೆಯಾಗಿವೆ. ಬಲವಂತದ ಒತ್ತೆ ವಾತ್ಸಲ್ಯದ ಸ್ವಾಗತವಾಗಿ ತೋರುತ್ತದೆ. ಕಂಪನಿಯ ಔದಾರ್ಯವನ್ನು ಇಂಗ್ಲೆಂಡಿನ ಪ್ರೇಕ್ಷಕರಿಗೆ ಮನಗಾಣಿಸುವ ಕಾರ್ಯವನ್ನು ಹಿರಿಯ ಅಳತೆ ನಿರ್ವಹಿಸಿತು.

ಇದೇ ಘಟನೆಯನ್ನು ಮೇಥರ್ ಬ್ರೌನ್ ಮುಂತಾದವರು ಭಾರತವನ್ನು ಕಾಣದೆಯೇ ಲಂಡನ್ನಿನಲ್ಲಿ ಚಿತ್ರಿಸಿದರು. 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಶ್ರೀರಂಗಪಟ್ಟಣದ ಪತನವನ್ನು ಸುಮಾರು 120 ಅಡಿ ಉದ್ದದ ಮಹಾಪಟವಾಗಿ ಪ್ರದರ್ಶಿಸಿದನು. ಅವನೂ ಈ ಊರನ್ನು ಕಂಡವನಲ್ಲ. ಸ್ಥಳದಿಂದ ದೂರವಾದಂತೆಲ್ಲ ಕ್ಯಾನ್ವಾಸು ಹಿಗ್ಗಿದ್ದನ್ನು ಈ ನಿದರ್ಶನಗಳಲ್ಲಿ ಗುರುತಿಸಬಹುದು. ಇದಕ್ಕೆ ಪ್ರತಿಯಾಗಿ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರು ಯುದ್ಧದ ಚಿತ್ರವಿದೆ. 1780ರ ಆ ಯುದ್ಧದಲ್ಲಿ ಸೋತ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಗೋಡೆಯ ಹರವು ವಿಶಾಲವಾದರೂ ಅದು ಸಾಲುಸಾಲಾದ ಸಣ್ಣ ಆಕೃತಿಗಳಿಂದಲೇ ತುಂಬಿದೆ. ಒಂದೇ ಕೇಂದ್ರಕ್ಕೆ ಕಣ್ಣನ್ನು ಸೆಳೆಯುವ ಹೋಮನ ವಿಧಾನಕ್ಕೂ ಕಣ್ಣನ್ನು ಗೋಡೆಯುದ್ದಕ್ಕೂ ನಡೆಸುವ ಈ ವಿಧಾನಕ್ಕೂ ಇರುವ ಅಂತರ ಗಮನಾರ್ಹವಾದುದು. ಗೆದ್ದವರ ಹೆಮ್ಮೆ ಮಾತ್ರ ಎರಡಕ್ಕೂ ಸಮಾನ.

1795ರಲ್ಲಿ ಹೋಮ್ ಕಲ್ಕತ್ತೆಗೆ ಹೋಗಿ ನೆಲೆಸಿದನು. ಅಲ್ಲಿ ತನ್ನ ಗಿರಾಕಿಗಳ ವಿವರಗಳನ್ನು ಬರೆದಿಟ್ಟುಕೊಂಡ ಪುಸ್ತಕ ಉಳಿದುಬಂದಿದ್ದು, ಕಲೆ ಅವನಿಗೆ ಕಟ್ಟುನಿಟ್ಟಿನ ವ್ಯವಹಾರವೂ ಆಗಿತ್ತೆಂಬುದನ್ನು ತಿಳಿಸುತ್ತದೆ. 1799ರ ಮಾರ್ಚಿ 27ರಂದು ಮಳವಳ್ಳಿಯ ಕಾಳಗದಲ್ಲಿ ಭಾಗವಹಿಸಿದ್ದ ಆರ್ಥರ್ ವೆಲ್ಲೆಸ್ಲಿಯನ್ನು, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದವನನ್ನು, ಹೋಮ್ 1804ರಲ್ಲಿ ಚಿತ್ರಿಸಿದನು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿರುವ ಪ್ರತಿ ಸುಮಾರು 74 ಸೆಂಟಿಮೀಟರ್ ಎತ್ತರದ್ದು. ಸರ್ಕಾರಿ ಭವನಕ್ಕಾಗಿ ರಚಿಸಿದ್ದು ಪೂರ್ಣಾಕೃತಿಯದು. ಮನೆಗೆ ಸಣ್ಣದು, ದರ್ಬಾರಿಗೆ ದೊಡ್ಡದು ಎಂಬ ವಿಂಗಡಣೆ ಒಬ್ಬನೇ ವ್ಯಕ್ತಿಯ ಚಿತ್ರಣದಲ್ಲಿಯೂ ಕಾಣುತ್ತದೆ.

ದೊಡ್ಡ ಕ್ಯಾನ್ವಾಸುಗಳ ಈ ಕಾಲದಲ್ಲಿಯೂ ಹೋಮ್ ಸಣ್ಣ ಅಳತೆಯನ್ನು ಕೈಬಿಡಲಿಲ್ಲ. ಪ್ರಾಣಿ, ಪಕ್ಷಿ, ಸರೀಸೃಪಗಳನ್ನು ಕುರಿತ ಇನ್ನೂರಕ್ಕೂ ಮಿಕ್ಕ ಚಿತ್ರಗಳನ್ನು ಅವನು ರಚಿಸಿದನು. ಸ್ಥಿರವಸ್ತುಗಳ ಚಿತ್ರಣಕ್ಕೆ ಬೇಕಾದ ತಾಳ್ಮೆ ಇವುಗಳಲ್ಲಿದೆ: ಹಿನ್ನೆಲೆಯ ಹಂಗಿಲ್ಲದೆ ಒಂದು ಜೀವಿಯ ಮೈಬಣ್ಣ, ರೆಕ್ಕೆ, ಉಗುರುಗಳನ್ನು ಇದ್ದಂತೆ ತೋರಿಸುವುದು. ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾಗಿಯೂ ಅದರ ಗ್ರಂಥಾಲಯದ ಹೊಣೆ ಹೊತ್ತವನಾಗಿಯೂ ಅವನು ಸೇವೆ ಸಲ್ಲಿಸಿದನು. 1814ರಲ್ಲಿ ಲಖನೌಗೆ ತೆರಳಿ ಘಾಜಿಉದ್ದೀನ್ ಹೈದರನ ಆಸ್ಥಾನ ಕಲಾವಿದನಾದನು. ಅಲ್ಲಿ ದರ್ಬಾರಿನ ಭಾರಿ ಚಿತ್ರಗಳ ಜೊತೆಗೆ ಕಿರೀಟ, ಸಿಂಹಾಸನ, ದೋಣಿ, ಸಾರೋಟುಗಳ ವಿನ್ಯಾಸಗಳನ್ನೂ ಸಿದ್ಧಪಡಿಸಿದನು. ಅರಸನ ಮರಣಾನಂತರ ಕಾನ್ಪುರದಲ್ಲಿ ನೆಲೆಸಿ 1834ರಲ್ಲಿ ತೀರಿಕೊಂಡನು. ಭಾರತಕ್ಕೆ ಬಂದ ಮೇಲೆ ಅವನು ನಾಲ್ಕು ದಶಕಗಳಿಗೂ ಮೀರಿ ಇಲ್ಲಿಯೇ ಬದುಕಿದ್ದನು.

ಹೋಮನಿಗೆ ಕೀರ್ತಿ ತಂದವು ದೊಡ್ಡ ಚಿತ್ರಗಳು. ಆದರೆ 1939ರಲ್ಲಿ ಮಂಡ್ಯ ಜಿಲ್ಲೆಯಾಗಿ ರೂಪುಗೊಂಡ ಈ ನೆಲದ ಮಟ್ಟಿಗೆ ಹೆಚ್ಚು ಉಪಯುಕ್ತವಾದವು ಪಾಳಯದಲ್ಲಿ ಬಿಡಿಸಿದ ಸಣ್ಣವು. ದೊಡ್ಡ ಕ್ಯಾನ್ವಾಸು ಕಂಪನಿ ತನ್ನನ್ನು ಹೇಗೆ ಕಾಣಿಸಿಕೊಳ್ಳಬಯಸಿತೆಂಬುದಕ್ಕೆ ಆಕರ; ಸಣ್ಣ ಚಿತ್ರ ನೆಲ ಹೇಗಿತ್ತೆಂಬುದಕ್ಕೆ ಆಕರ. ಮಳವಳ್ಳಿ, ಮದ್ದೂರುಗಳ ದಾರಿಯಲ್ಲಿ ದಂಡಿಗೆ ಎತ್ತು ಧಾನ್ಯಗಳನ್ನು ತೆತ್ತ ರೈತನ ಮುಖವಾದರೋ ಎರಡರಲ್ಲಿಯೂ ಸ್ಪಷ್ಟವಾಗಿ ಮೂಡಿಲ್ಲ. ಆ ಕೊರತೆಯನ್ನು ತುಂಬಿಕೊಳ್ಳಲು ಲಾವಣಿಗಳಿಗೂ ಗ್ರಾಮಚರಿತ್ರೆಗಳಿಗೂ ಮರಳಬೇಕಾಗುತ್ತದೆ. ಚಿತ್ರ, ಭಿತ್ತಿಚಿತ್ರ, ಹಾಡುಗಳನ್ನು ಒಂದರ ಪಕ್ಕದಲ್ಲೊಂದು ಇರಿಸಿ ಓದುವ ತೌಲನಿಕ ಅಧ್ಯಯನಕ್ಕೆ ಹೋಮನ ಜೀವನ ಉಪಯುಕ್ತವಾದ ಪ್ರವೇಶವನ್ನು ಒದಗಿಸುತ್ತದೆ.