ಗುಬ್ಬಿ ತೋಟದಪ್ಪ

ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ (1838 – 21 ಫೆಬ್ರವರಿ 1910) ಮೈಸೂರು ಸಂಸ್ಥಾನದ ಹೆಸರಾಂತ ವರ್ತಕರು ಮತ್ತು ದಾನಿಗಳು. ತುಮಕೂರು ಜಿಲ್ಲೆಯ ಗುಬ್ಬಿ ಮೂಲದವರಾದ ಇವರು ಬೆಂಗಳೂರಿನಲ್ಲಿ ವ್ಯಾಪಾರದಿಂದ ಗಳಿಸಿದ ಆಸ್ತಿಯನ್ನು ಪ್ರಯಾಣಿಕರ ಧರ್ಮಛತ್ರಕ್ಕೂ ವಿದ್ಯಾರ್ಥಿಗಳ ಉಚಿತ ವಿದ್ಯಾರ್ಥಿನಿಲಯಕ್ಕೂ ಮೀಸಲಿಟ್ಟರು. ಉನ್ನತ ಶಿಕ್ಷಣಕ್ಕಾಗಿ ಹಳ್ಳಿಗಳಿಂದ ಬೆಂಗಳೂರಿಗೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ ಆಸರೆಯಾದ ಆರಂಭಕಾಲದ ಸಂಸ್ಥೆಗಳಲ್ಲಿ ಇವರು ಸ್ಥಾಪಿಸಿದ ದತ್ತಿಯೂ ಒಂದು.

ಜನನ ಮತ್ತು ಹಿನ್ನೆಲೆ

ತೋಟದಪ್ಪನವರು 1838ರಲ್ಲಿ ವೀರಶೈವ ಲಿಂಗಾಯತ ಕುಟುಂಬವೊಂದರಲ್ಲಿ ಜನಿಸಿದರು. ಗುಬ್ಬಿಯು ಹಿಂದಿನಿಂದಲೂ ವ್ಯಾಪಾರಕ್ಕೆ ಹೆಸರಾದ ಊರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ವರದಿಯಲ್ಲಿ ಇಲ್ಲಿನ ಸಂತೆಯನ್ನು ಉಲ್ಲೇಖಿಸಿದ್ದಾನೆ. ಗುಬ್ಬಿಯ ಪಶ್ಚಿಮಕ್ಕಿರುವ ತುರುವೇಕೆರೆ, ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ಸೀಮೆಗಳು ತೆಂಗು ಅಡಿಕೆಗಳ ನಾಡು. ಕಲ್ಪತರು ನಾಡು ಎಂದೇ ಕರೆಯಲಾಗುವ ಈ ಪ್ರದೇಶದಲ್ಲಿ ತಿಪಟೂರು ಕೊಬ್ಬರಿ ವ್ಯಾಪಾರದ ಕೇಂದ್ರವಾಗಿ ಬೆಳೆಯಿತು.

ತೋಟದಪ್ಪನವರ ಕುಟುಂಬವು ಬೆಂಗಳೂರಿಗೆ ಬಂದು ನೆಲೆಸಿ, ಪೇಟೆಯ ಮಾಮೂಲ್‌ಪೇಟೆಯಲ್ಲಿ ಅಂಗಡಿ ತೆರೆದು ವ್ಯಾಪಾರ ಆರಂಭಿಸಿತು. ಈ ವ್ಯಾಪಾರದಿಂದ ತೋಟದಪ್ಪನವರು ಸಾಕಷ್ಟು ಸಂಪತ್ತನ್ನು ಗಳಿಸಿದರು. ಅವರಿಗೆ ಮಕ್ಕಳಿರಲಿಲ್ಲ. ತಮ್ಮ ಆಸ್ತಿಯನ್ನು ಅವರು ಪ್ರಯಾಣಿಕರ ಮತ್ತು ವಿದ್ಯಾರ್ಥಿಗಳ ಅನುಕೂಲಕ್ಕಾಗಿ ವಿನಿಯೋಗಿಸಿದರು.

ಅಂದಿನ ಶಿಕ್ಷಣ ವ್ಯವಸ್ಥೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಉನ್ನತ ಶಿಕ್ಷಣವು ಮುಖ್ಯವಾಗಿ ಬೆಂಗಳೂರು ಮತ್ತು ಮೈಸೂರು ನಗರಗಳಿಗೆ ಸೀಮಿತವಾಗಿತ್ತು. 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ ಮುಂದೆ ಸೆಂಟ್ರಲ್ ಕಾಲೇಜು ಎಂಬ ಹೆಸರು ಪಡೆದ ಬೆಂಗಳೂರಿನ ಸಂಸ್ಥೆ ಮದರಾಸು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾಲಯ ದೊರೆತದ್ದು 1916ರಲ್ಲಿ.

ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಬ್ರಿಟಿಷ್ ಪಟಾಲಂಗಳ ಸೈನಿಕರ ಮಕ್ಕಳಿಗೆ ಸೇನೆಯೇ ಶಾಲೆಗಳನ್ನು ನಡೆಸುತ್ತಿತ್ತು. ಸಂಸ್ಥಾನದ ಒಳನಾಡಿನ ರೈತರ ಮತ್ತು ಸಣ್ಣ ವರ್ತಕರ ಮಕ್ಕಳಿಗೆ ಅಂತಹ ಆಸರೆ ಇರಲಿಲ್ಲ. ಊರಿನ ಶಾಲೆಯಲ್ಲಿ ಓದಿ ಮುಂದುವರಿಯಬಯಸಿದ ಹುಡುಗನು ಮೊದಲು ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಬೇಕಾಗಿತ್ತು. ನಗರದಲ್ಲಿ ಬಂಧುಗಳಿಲ್ಲದವರಿಗೆ ಕಾಲೇಜಿನ ಶುಲ್ಕಕ್ಕಿಂತ ವಸತಿಯ ಖರ್ಚೇ ದೊಡ್ಡ ಅಡಚಣೆಯಾಗುತ್ತಿತ್ತು.

ತೆಂಗಿನ ಸೀಮೆಯ ಕುಟುಂಬಗಳಲ್ಲಿ ಈ ಅಡಚಣೆಗೆ ಬೆಳೆಯ ಸ್ವರೂಪವೂ ಕಾರಣವಾಗಿತ್ತು. ಇಲ್ಲಿನ ಉಂಡೆ ಕೊಬ್ಬರಿಯನ್ನು ತಯಾರಿಸಲು ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಿಸಬೇಕು. ಒಳಗಿನ ನೀರು ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿದು ಮಾರುಕಟ್ಟೆಗೆ ಒಯ್ಯುತ್ತಾರೆ. ಹೀಗಾಗಿ ತೋಟವಿದ್ದ ಮನೆಯಲ್ಲಿಯೂ ಕೈಗೆ ಹಣ ಬರುತ್ತಿದ್ದುದು ಕೊಬ್ಬರಿ ಮಾರಿದಾಗ ಮಾತ್ರ. ನಗರದ ಬಾಡಿಗೆಯನ್ನಾದರೋ ಪ್ರತಿ ತಿಂಗಳೂ ಕೊಡಬೇಕಾಗಿತ್ತು. ತೋಟವಿಲ್ಲದವರ ಸ್ಥಿತಿ ಇನ್ನೂ ಕಷ್ಟದ್ದಾಗಿತ್ತು.

ಧರ್ಮಛತ್ರ

1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದವರೆಗೆ ರೈಲು ಮಾರ್ಗ ನಿರ್ಮಾಣವಾಯಿತು. ಮಾರ್ಗದಿಂದ ದೂರವಿದ್ದ ಚಿಕ್ಕನಾಯಕನಹಳ್ಳಿ ಮತ್ತು ತುರುವೇಕೆರೆ ಕಡೆಯ ಊರುಗಳ ಜನರಿಗೂ ಗಾಡಿಯಲ್ಲಿ ಸಮೀಪದ ನಿಲ್ದಾಣಕ್ಕೆ ಬಂದು ರೈಲು ಹಿಡಿಯುವ ಅನುಕೂಲ ದೊರೆಯಿತು. ಬೆಂಗಳೂರಿನ ಪ್ರಯಾಣ ಸುಲಭವಾದರೂ, ಅಲ್ಲಿ ಇಳಿದವರಿಗೆ ತಂಗಲು ಸ್ಥಳ ಬೇಕಾಗಿತ್ತು.

ತೋಟದಪ್ಪನವರು ಬೆಂಗಳೂರು ನಗರ ರೈಲು ನಿಲ್ದಾಣದ ಸಮೀಪ, ಧರ್ಮಾಂಬುಧಿ ಕೆರೆಯ ಬಳಿ ಜಾಗವನ್ನು ಕೊಂಡು ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಇದನ್ನು ಉದ್ಘಾಟಿಸಿದರು. ಧರ್ಮಾಂಬುಧಿ ಕೆರೆಯು ಮುಂದೆ ಬತ್ತಿಹೋಗಿ, ಅದರ ಅಂಗಳದಲ್ಲಿ ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ತಲೆಯೆತ್ತಿತು.

ವಿದ್ಯಾರ್ಥಿನಿಲಯ

ಛತ್ರದ ಜೊತೆಗೆ ದತ್ತಿಯು ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿತು. ಪ್ರಯಾಣಿಕನ ಅಗತ್ಯ ಒಂದೆರಡು ದಿನಗಳದು; ವಿದ್ಯಾರ್ಥಿಯ ಅಗತ್ಯ ವರ್ಷಗಳದು. ಅನ್ನದಾನ ಮತ್ತು ತಂಗುದಾಣಗಳ ಹಳೆಯ ಛತ್ರ ಪದ್ಧತಿಯನ್ನು ಕಾಲೇಜು ಶಿಕ್ಷಣದ ಅವಧಿಗೆ ವಿಸ್ತರಿಸಿದ್ದು ಈ ದತ್ತಿಯ ವೈಶಿಷ್ಟ್ಯ. ಛತ್ರವು ಎಲ್ಲ ಮತಗಳ ಪ್ರಯಾಣಿಕರಿಗೂ ತೆರೆದಿತ್ತು. ವಿದ್ಯಾರ್ಥಿನಿಲಯದ ಪ್ರವೇಶ ಮಾತ್ರ ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗೆ ಮೀಸಲಾಗಿತ್ತು. ಆ ಕಾಲದಲ್ಲಿ ಶಿಕ್ಷಣದ ನೆರವು ಬಹುಮಟ್ಟಿಗೆ ಸಮುದಾಯಗಳ ಮೂಲಕವೇ ಸಂಘಟಿತವಾಗುತ್ತಿತ್ತು. ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಘವು 1905ರಲ್ಲಿಯೂ ಒಕ್ಕಲಿಗರ ಸಂಘವು 1906ರಲ್ಲಿಯೂ ಸ್ಥಾಪನೆಯಾದವು. ಇಂತಹ ಸಮುದಾಯದ ಬೆಂಬಲವಿಲ್ಲದ ಬಡ ವಿದ್ಯಾರ್ಥಿಗಳಿಗೆ ನಗರದ ಓದು ಬಹುಕಾಲ ದುರ್ಲಭವಾಗಿಯೇ ಉಳಿಯಿತು.

ದತ್ತಿಯ ವ್ಯವಸ್ಥೆ

ತೋಟದಪ್ಪನವರು ತಮ್ಮ ಕೊನೆಯ ದಿನಗಳಲ್ಲಿ ಆಸ್ತಿಯನ್ನು ತಮ್ಮ ಹೆಸರಿನ ಧರ್ಮಸಂಸ್ಥೆಗೆ ಒಪ್ಪಿಸಿದರು. ಅದರ ಮೊದಲ ಅಧ್ಯಕ್ಷರಾಗಿ ಕೆ. ಪಿ. ಪುಟ್ಟಣ್ಣ ಚೆಟ್ಟಿಯವರನ್ನು ನೇಮಿಸಲಾಯಿತು. ಸಂಸ್ಥಾನದ ಅಧಿಕಾರಿಯಾಗಿದ್ದ ಪುಟ್ಟಣ್ಣ ಚೆಟ್ಟಿಯವರು ಮುಂದೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾದರು. ಬೆಂಗಳೂರಿನ ಪುರಭವನಕ್ಕೆ ಇವರ ಹೆಸರನ್ನೇ ಇಡಲಾಗಿದೆ. ದಾನಿಯ ಕಾಲಾನಂತರವೂ ಕೆಲಸ ನಿಲ್ಲದಂತೆ, ಸಂಸ್ಥೆಯ ಕಟ್ಟಡಗಳ ಬಾಡಿಗೆಯ ಆದಾಯದಿಂದ ಛತ್ರ ಮತ್ತು ವಿದ್ಯಾರ್ಥಿನಿಲಯಗಳನ್ನು ನಡೆಸುವ ಕ್ರಮ ಬೆಳೆಯಿತು. ಮುಂದಿನ ದಶಕಗಳಲ್ಲಿ ಸಂಸ್ಥೆಯು ಕರ್ನಾಟಕದ ಇತರ ಊರುಗಳಲ್ಲಿಯೂ ವಿದ್ಯಾರ್ಥಿನಿಲಯಗಳನ್ನು ತೆರೆಯಿತು.

ಗೌರವಗಳು ಮತ್ತು ನಿಧನ

ತೋಟದಪ್ಪನವರ ಸೇವೆಯನ್ನು ಗುರುತಿಸಿ ಮೈಸೂರು ಮಹಾರಾಜರು ಧರ್ಮಪ್ರವರ್ತ ಎಂಬ ಬಿರುದನ್ನು ನೀಡಿದರು. ರಾವ್ ಬಹದ್ದೂರ್ ಪದವಿಯೂ ಅವರಿಗೆ ಸಂದಿತು. ಅವರು 1910ರ ಫೆಬ್ರವರಿ 21ರಂದು ತಮ್ಮ 72ನೆಯ ವಯಸ್ಸಿನಲ್ಲಿ ನಿಧನರಾದರು. ಬೆಂಗಳೂರಿನ ರೈಲು ನಿಲ್ದಾಣ ಹಾಗೂ ಬಸ್ ನಿಲ್ದಾಣಗಳ ಬಳಿಯ ರಸ್ತೆಗೆ ಗುಬ್ಬಿ ತೋಟದಪ್ಪ ರಸ್ತೆ ಎಂದು ಹೆಸರಿಡಲಾಗಿದೆ.

ಪ್ರಭಾವ

ಈ ದತ್ತಿಯ ಆಸರೆ ಪಡೆದವರಲ್ಲಿ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು ಪ್ರಮುಖರು. ಮಾಗಡಿ ತಾಲ್ಲೂಕಿನ ವೀರಾಪುರದ ರೈತ ಕುಟುಂಬದಲ್ಲಿ 1907ರಲ್ಲಿ ಜನಿಸಿದ ಇವರು, 1920ರ ದಶಕದ ಕೊನೆಯಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ ತಂಗಿದ್ದರು. 1930ರಲ್ಲಿ ಮಠದ ಉತ್ತರಾಧಿಕಾರಿಯಾದ ಅವರು, ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಉಚಿತ ಊಟ, ವಸತಿ ಮತ್ತು ಶಿಕ್ಷಣ ನೀಡುವ ವ್ಯವಸ್ಥೆಯನ್ನು ಬೆಳೆಸಿದರು. ಹೀಗೆ ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ ಒಂದು ಸಮುದಾಯಕ್ಕೆ ಸೀಮಿತವಾಗಿದ್ದ ಆಸರೆಯು, ಅಲ್ಲಿ ತಂಗಿದ್ದ ವಿದ್ಯಾರ್ಥಿಯೊಬ್ಬರು ಬೆಳೆಸಿದ ಸಂಸ್ಥೆಯಲ್ಲಿ ಎಲ್ಲರಿಗೂ ದೊರೆಯಿತು.

1960ರ ದಶಕದಲ್ಲಿ ತಿಪಟೂರಿನಲ್ಲಿಯೇ ಕಲ್ಪತರು ಕಾಲೇಜು ಆರಂಭವಾದ ಮೇಲೆ, ಪದವಿಗಾಗಿ ತೆಂಗಿನ ಸೀಮೆಯ ವಿದ್ಯಾರ್ಥಿಗಳು ದೂರದ ನಗರವನ್ನೇ ಅವಲಂಬಿಸಬೇಕಾದ ಸ್ಥಿತಿ ತಗ್ಗಿತು. ಅದಕ್ಕೆ ಮುಂಚಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಂಗಳೂರಿನ ಓದಿಗೆ ಹೊರಟ ಅನೇಕ ಹಳ್ಳಿಯ ವಿದ್ಯಾರ್ಥಿಗಳಿಗೆ ರೈಲು ನಿಲ್ದಾಣದ ಬಳಿಯ ಈ ಛತ್ರವು ನಗರದ ಮೊದಲ ಪರಿಚಿತ ಸ್ಥಳವಾಗಿತ್ತು. ಜನರ ಬಾಯಲ್ಲಿ ಅದು ಇಂದಿಗೂ ತೋಟದಪ್ಪನ ಛತ್ರ ಎಂದೇ ಉಳಿದಿದೆ.